ಜಾಲದ ಅರ್ಜಿನಮೂನೆಗಳೂ ಹೊರನಾಡ ಕನ್ನಡಿಗರ ಹೆಸರು-ವಿಳಾಸಗಳೂ

ಅರ್ಜಿಯ ನಮೂನೆಯೆಂಬುದು ಹೊಸ ವಸ್ತುವೇನೂ ಅಲ್ಲ. ಕಚೇರಿಯ ಗುಮಾಸ್ತರ ಮೇಜಿನ ಮೇಲಿರುತ್ತಿದ್ದ ಅಚ್ಚಿನ ಕಾಗದವೇ ಇಂದು ಕಂಪ್ಯೂಟರಿನ ಪರದೆಯನ್ನೇರಿದೆ. 1995ರಲ್ಲಿ ಪ್ರಕಟವಾದ ಎಚ್‌ಟಿಎಂಎಲ್ ಭಾಷೆಯ ಎರಡನೆಯ ಆವೃತ್ತಿಯ ನಿರೂಪಣೆಯಲ್ಲಿಯೇ ಅದಕ್ಕೆ ಸ್ಥಾನ ದೊರೆತಿತ್ತು. ಆದರೆ ಇವೆರಡಕ್ಕೂ ಒಂದು ಮುಖ್ಯ ಭೇದವುಂಟು. ಕಾಗದದ ಕಲಂ ಸಾಲದೆ ಹೋದರೆ ಅಂಚಿನಲ್ಲಿ ಬರೆಯಬಹುದು. ಗುಮಾಸ್ತನು ಅದನ್ನು ಓದಿ ತಿಳಿದುಕೊಳ್ಳುತ್ತಾನೆ. ಜಾಲದ ನಮೂನೆಗೆ ಅಂಚೆಂಬುದಿಲ್ಲ. ತನ್ನ ನಿಯಮಕ್ಕೆ ಒಗ್ಗದುದನ್ನು ಅದು ತಿರಸ್ಕರಿಸುತ್ತದೆ. ಆದುದರಿಂದ ಅದರ ರಚನೆಯ ವಿಚಾರ ಕೇವಲ ತಂತ್ರಜ್ಞರಿಗೆ ಬಿಟ್ಟುದಲ್ಲ. ಎರಡು ಪ್ರದೇಶಗಳ ಪದ್ಧತಿಗಳನ್ನು ಹೆಸರಿನಲ್ಲಿಯೂ ವಿಳಾಸದಲ್ಲಿಯೂ ಹೊತ್ತು ಬಾಳುವ ಹೊರನಾಡ ಕನ್ನಡಿಗರು ಅದನ್ನು ಅರಿಯಬೇಕಾದುದು ಅವಶ್ಯ.

ಯಾವ ಅರ್ಜಿಯಾದರೂ ಹೆಸರು, ವಿಳಾಸ, ಜನ್ಮದಿನಾಂಕ, ದೂರವಾಣಿ ಸಂಖ್ಯೆ ಇವುಗಳನ್ನು ಕೇಳದೆ ಇರದು. ಪ್ರತಿ ನಮೂನೆಗೂ ಇವನ್ನು ಹೊಸದಾಗಿ ಬರೆಯುವುದು ವ್ಯರ್ಥ ಶ್ರಮ. ಆದಕಾರಣ ಕಲಂನ ತಲೆಬರಹ, ತುಂಬುವ ಜಾಗ, ಪರಿಶೀಲನೆಯ ನಿಯಮ, ತಪ್ಪಾದಾಗ ತೋರಿಸತಕ್ಕ ಸೂಚನೆ ಈ ನಾಲ್ಕನ್ನೂ ಒಟ್ಟುಗೂಡಿಸಿ ಒಂದು ಘಟಕವನ್ನಾಗಿ ಮಾಡಿ, ಬೇಕಾದೆಡೆಯಲ್ಲೆಲ್ಲ ಬಳಸುವ ಪದ್ಧತಿ ಬೆಳೆದುಬಂದಿತು. 2005ರಲ್ಲಿ ಸಾರ್ವಜನಿಕವಾದ ಜಾಂಗೊ, 2013ರಲ್ಲಿ ಸಾರ್ವಜನಿಕವಾದ ರಿಯಾಕ್ಟ್ ಮುಂತಾದ ಸಾಧನಗಳು ಈ ಪದ್ಧತಿಗೆ ಅನುಕೂಲವಾಗಿವೆ. ಇದರ ಗುಣವೇ ಇದರ ದೋಷವೂ ಹೌದು: ಘಟಕದಲ್ಲಿ ಮಾಡಿದ ತಿದ್ದುಪಡಿ ಒಮ್ಮೆಗೇ ಎಲ್ಲ ನಮೂನೆಗಳಿಗೂ ತಲುಪುತ್ತದೆ, ಅಂತೆಯೇ ಅದರಲ್ಲಿ ಉಳಿದ ತಪ್ಪು ಸಹ ಎಲ್ಲೆಡೆಗೂ ಹರಡುತ್ತದೆ.

ಹೈದರಾಬಾದಿನ ನಾಚಾರಂ ಇದಕ್ಕೆ ಒಳ್ಳೆಯ ನಿದರ್ಶನ. ಹಬ್ಸಿಗೂಡ, ಮಲ್ಲಾಪುರಗಳ ನೆರೆಯ ಈ ಕೈಗಾರಿಕಾ ಬಡಾವಣೆ ತಾನಿದ್ದಲ್ಲಿಯೇ ಇದೆ. ಆದರೆ ಅದರ ವಿಳಾಸದ ಕೊನೆಯ ಸಾಲುಗಳು ಮಾತ್ರ ಬದಲಾಗುತ್ತ ಬಂದಿವೆ. 1978ರಲ್ಲಿ ರಂಗಾರೆಡ್ಡಿ ಜಿಲ್ಲೆ ರಚಿತವಾದ ತರುವಾಯ ಅದು ಆ ಜಿಲ್ಲೆಗೆ ಸೇರಿತ್ತು. 2014ರ ಜೂನ್ 2ರಂದು ರಾಜ್ಯದ ಹೆಸರು ಆಂಧ್ರಪ್ರದೇಶ ಹೋಗಿ ತೆಲಂಗಾಣವಾಯಿತು. 2016ರ ಅಕ್ಟೋಬರ್ 11ರಂದು ಜಿಲ್ಲೆಯೂ ಮೇಡ್ಚಲ್-ಮಲ್ಕಾಜಗಿರಿಯಾಯಿತು. ಸಂಸ್ಥೆಯೊಂದರ ಹತ್ತು ನಮೂನೆಗಳಲ್ಲಿ ಜಿಲ್ಲೆಗಳ ಪಟ್ಟಿಯನ್ನು ಹತ್ತು ಕಡೆ ಬರೆದಿಟ್ಟಿದ್ದರೆ, ಕೆಲವು ತಿದ್ದಲ್ಪಟ್ಟು ಕೆಲವು ಹಾಗೆಯೇ ಉಳಿಯುವುದು ಸಹಜ. ಒಬ್ಬನೇ ನಿವಾಸಿ ಎರಡು ದಾಖಲೆಗಳಲ್ಲಿ ಎರಡು ಜಿಲ್ಲೆಗಳವನಾಗಿ ಕಾಣಿಸಿಕೊಳ್ಳುತ್ತಾನೆ. ವಿಳಾಸದ ಘಟಕ ಒಂದೇ ಆಗಿದ್ದರೆ ತಿದ್ದುಪಡಿಯೂ ಒಂದೇ ಕಡೆ ಸಾಕು.

ಇಲ್ಲಿಗೆ ಸಮಸ್ಯೆ ತೀರಲಿಲ್ಲ. ನಮೂನೆಯನ್ನು ತಿದ್ದುವುದು ಬೇರೆ, ಹಿಂದೆಯೇ ಸಲ್ಲಿಸಲ್ಪಟ್ಟ ದತ್ತಾಂಶವನ್ನು ತಿದ್ದುವುದು ಬೇರೆ. ಕಲಬುರಗಿಯಲ್ಲಿ 1950ರಲ್ಲಿ ಹುಟ್ಟಿ ನಾಚಾರಂನಲ್ಲಿ ನೆಲೆಸಿದ ಹಿರಿಯರೊಬ್ಬರನ್ನು ಊಹಿಸಿಕೊಳ್ಳೋಣ. ಅವರ ಜನ್ಮಸ್ಥಳ ಅಂದು ಹೈದರಾಬಾದ್ ರಾಜ್ಯದ ಗುಲ್ಬರ್ಗ, 1956ರಿಂದ ಮೈಸೂರು ರಾಜ್ಯದ್ದು, 1973ರಿಂದ ಕರ್ನಾಟಕದ್ದು, 2014ರಿಂದ ಅಧಿಕೃತವಾಗಿ ಕಲಬುರಗಿ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆಯಾ ಕಾಲಕ್ಕೆ ಆಯಾ ಹೆಸರು ಸತ್ಯ. ಆದಕಾರಣ ಸ್ಥಳಕ್ಕೆ ಬದಲಾಗದ ಒಂದು ಸಂಕೇತಸಂಖ್ಯೆಯನ್ನು ಕೊಟ್ಟು, ಹೆಸರುಗಳನ್ನು ಅವು ಚಾಲ್ತಿಯಲ್ಲಿದ್ದ ಅವಧಿಯೊಡನೆ ಅದಕ್ಕೆ ಜೋಡಿಸತಕ್ಕದ್ದು. ಅರ್ಜಿದಾರನು ಬರೆದುಕೊಟ್ಟ ಮಾತನ್ನು ದಿನಾಂಕಸಹಿತವಾಗಿ ಇದ್ದಂತೆಯೇ ಕಾಪಾಡತಕ್ಕದ್ದು. ಹಳೆಯ ದಾಖಲೆಯ ಮೇಲೆ ಹೊಸ ಹೆಸರನ್ನು ಬರೆದು ಮುಚ್ಚಿದರೆ, ವೃದ್ಧಾಪ್ಯದಲ್ಲಿ ಪಿಂಚಣಿಗಾಗಿ ಹಳೆಯ ಕಾಗದವನ್ನು ಹಿಡಿದು ಬಂದವರಿಗೆ ತಾವೇ ತಾವೆಂದು ಸಾಧಿಸುವ ಕಷ್ಟ ಒದಗುತ್ತದೆ.

ಹೆಸರಿನ ವಿಷಯ ಇದಕ್ಕಿಂತಲೂ ಸೂಕ್ಷ್ಮವಾದುದು. ಹಳೆಯ ಮೈಸೂರಿನವರು ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದಿಟ್ಟು ತಮ್ಮ ಹೆಸರನ್ನು ಹೇಳುತ್ತಾರೆ. ಉತ್ತರ ಕರ್ನಾಟಕದಲ್ಲಿ ತನ್ನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಂಬ ಕ್ರಮ. ತೆಲುಗರಲ್ಲಿ ಮನೆತನದ ಹೆಸರೇ ಮೊದಲು. ಆಧಾರಿನಲ್ಲಿ ಪೂರ್ಣ ಹೆಸರಿಗೆ ಒಂದೇ ಕಲಂ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿಗೂ ಇಟ್ಟ ಹೆಸರಿಗೂ ಬೇರೆ ಬೇರೆ ಕಲಂಗಳು. ಮನೆತನದ ಹೆಸರನ್ನು ಕಡ್ಡಾಯಗೊಳಿಸಿದ ನಮೂನೆಯೆದುರು, ಅಂತಹ ಹೆಸರೇ ಇಲ್ಲದವರು ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಅಲ್ಲಿ ತುಂಬುತ್ತಾರೆ. ಮುಂದೆ ಅದೇ ಅವರ ಮಕ್ಕಳಿಗೆ ಮನೆತನದ ಹೆಸರಾಗಿ ನಿಲ್ಲುತ್ತದೆ. ಹೀಗೆ ಒಂದು ಕಲಂನಿಂದ ಒಂದು ಕುಟುಂಬದ ನಾಮಪದ್ಧತಿಯೇ ಮಾರ್ಪಡಬಹುದು. ಪೂರ್ಣ ಹೆಸರಿಗೆ ಒಂದೇ ಕಲಂ ಇಟ್ಟು, ಅಗತ್ಯವಿದ್ದಲ್ಲಿ ಮಾತ್ರ ವಿಭಾಗಿಸಿ ಕೇಳುವುದು ಕ್ಷೇಮ.

ಕನ್ನಡ ಲಿಪಿಯಲ್ಲಿ ಬರೆದಾಗ ಮತ್ತೊಂದು ತೊಡಕು ಏಳುತ್ತದೆ. ‘ಗೋಪಾಲ’ ಎಂಬಲ್ಲಿನ ಓಕಾರದ ಗುರುತನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತದಿಂದ ಬರೆಯಬಹುದು. ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘಚಿಹ್ನೆ ಎಂಬ ಮೂರು ಸಂಕೇತಗಳಿಂದಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಹುಡುಕಿದಾಗ ಹೆಸರು ಸಿಕ್ಕದೆ ಹೋಗಲು ಇದೂ ಒಂದು ಕಾರಣ. ಸಲ್ಲಿಕೆಯಾದೊಡನೆ ಎನ್‌ಎಫ್‌ಸಿ ಎಂಬ ನಿಯತರೂಪಕ್ಕೆ ತಂದು ಹೋಲಿಸಿದರೆ ಈ ದೋಷ ಪರಿಹಾರವಾಗುತ್ತದೆ. ‘ರಾಜ್‌ಕುಮಾರ್’ ಎಂಬುದರ ನಡುವೆ ಕಕಾರವು ಒತ್ತಕ್ಷರವಾಗದಂತೆ ತಡೆಯುವ ಅದೃಶ್ಯ ಸಂಕೇತವೊಂದಿದೆ. ಕನ್ನಡದ ಅಕ್ಷರಗಳನ್ನು ಮಾತ್ರ ಒಪ್ಪುವೆನೆಂಬ ನಿಯಮ ಅದನ್ನು ತಪ್ಪೆಂದು ತಳ್ಳುತ್ತದೆ. ‘ಶ್ರೀ’ ನಮಗೆ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಅದು 4 ಸಂಕೇತ, ಯುಟಿಎಫ್-8 ಕ್ರಮದಲ್ಲಿ 12 ಬೈಟು. ಇಂಗ್ಲಿಷಿನ 30 ಅಕ್ಷರಗಳಿಗೆಂದು 30 ಬೈಟುಗಳನ್ನು ಅಳೆದಿಟ್ಟ ಜಾಗದಲ್ಲಿ ಕನ್ನಡದ 10 ಸಂಕೇತಗಳಷ್ಟೇ ಹಿಡಿಯುತ್ತವೆ. ಉಳಿದ ಹೆಸರಿಗೆ ಎಡೆಯಿಲ್ಲ.

ಸಲ್ಲಿಸಿದ ದತ್ತಾಂಶವನ್ನು ಸ್ವೀಕರಿಸುವ ಕ್ರಮವನ್ನೂ ಇಲ್ಲಿ ಹೇಳಬೇಕು. ಬ್ರೌಸರಿನಲ್ಲಿ ನಡೆಯುವ ಪರಿಶೀಲನೆ ಅರ್ಜಿದಾರನ ಸೌಕರ್ಯಕ್ಕಾಗಿ. ಅದನ್ನು ತಪ್ಪಿಸಿ ಕಳುಹಿಸುವುದು ಕಷ್ಟವಲ್ಲ. ಆದುದರಿಂದ ಸರ್ವರಿನಲ್ಲಿ ಅದೇ ಪರಿಶೀಲನೆ ಪುನಃ ನಡೆಯಲೇಬೇಕು. ಬಂದ ಮಾತನ್ನು ದತ್ತಸಂಚಯದ ಆಜ್ಞೆಯೊಡನೆ ಬೆರೆಸದೆ ಬೇರೆಯಾಗಿಯೇ ಒಪ್ಪಿಸಬೇಕು. ಬೆರೆಸಿದರೆ ಅರ್ಜಿದಾರನ ವೇಷದಲ್ಲಿ ಬಂದವನು ಆಜ್ಞೆಯನ್ನೇ ತಿರುಚಬಲ್ಲ. ಗುಂಡಿಯನ್ನು ಎರಡು ಸಲ ಒತ್ತಿದರೂ ಅರ್ಜಿ ಒಂದೇ ಆಗಿ ದಾಖಲಾಗುವಂತೆ ಪ್ರತಿ ಸಲ್ಲಿಕೆಗೂ ಒಂದು ಗುರುತುಸಂಖ್ಯೆ ಇರಬೇಕು. ತಪ್ಪು ಕಂಡುಬಂದಾಗ ಯಾವ ಕಲಂನಲ್ಲಿ ಏನು ತಪ್ಪೆಂದು ತಿಳಿಸಿ, ಉಳಿದುದನ್ನು ತುಂಬಿದಂತೆಯೇ ಮರಳಿ ತೋರಿಸಬೇಕು. ಎಲ್ಲವನ್ನೂ ಅಳಿಸಿ ಮೊದಲಿನಿಂದ ಬರೆಯೆನ್ನುವುದು ಸೌಜನ್ಯವಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಲ್ಲಿ ಒಂದು ಗಮನಾರ್ಹ ವಿಧಿಯಿದೆ: ಸಮ್ಮತಿಯನ್ನು ಕೋರುವ ಮಾತನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ವ್ಯಕ್ತಿಗೆ ಇರಬೇಕು. ಕನ್ನಡ ಆ ಅನುಸೂಚಿಯಲ್ಲಿದೆ. ಅರ್ಜಿದಾರನು ನೆಲೆಸಿದ ರಾಜ್ಯ ಯಾವುದೆಂಬ ಪ್ರಶ್ನೆ ಅಲ್ಲಿಲ್ಲ. ಹತ್ತು ನಮೂನೆಗಳನ್ನು ಇಪ್ಪತ್ತೆರಡು ಭಾಷೆಗಳಲ್ಲಿ ಬೇರೆ ಬೇರೆಯಾಗಿ ಬರೆಯುವುದು ದುಸ್ಸಾಧ್ಯ. ಘಟಕದ ತಲೆಬರಹವನ್ನೂ ಸೂಚನೆಯನ್ನೂ ಭಾಷೆಗೆ ತಕ್ಕಂತೆ ಬದಲಿಸುವುದು ಸುಸಾಧ್ಯ. ಆದರೆ ಆ ತಲೆಬರಹಗಳಿಗೆ ಒಪ್ಪುವ, ಜನರಿಗೆ ತಿಳಿಯುವ ಕನ್ನಡ ಬೇಕು. ಅದನ್ನು ಯಂತ್ರಜ್ಞರೊಬ್ಬರೇ ಒದಗಿಸಲಾರರು. ನಮ್ಮ ಸಂಘಗಳು ತಮ್ಮ ಸದಸ್ಯತ್ವದ ಅರ್ಜಿಯಿಂದಲೇ ಈ ಕೆಲಸಕ್ಕೆ ತೊಡಗಿ, ಹೆಸರಿಗೊಂದು, ವಿಳಾಸಕ್ಕೊಂದು, ಜನ್ಮಸ್ಥಳಕ್ಕೊಂದು ಚೊಕ್ಕವಾದ ಕನ್ನಡ ಘಟಕವನ್ನು ಸಿದ್ಧಪಡಿಸಿ ಇತರರಿಗೂ ಹಂಚಿದರೆ, ಅದು ಭಾಷಾಸೇವೆಯೂ ಲೋಕೋಪಯೋಗವೂ ಆದೀತು.