ಒಂದು ಡಾಲರಿನ ಕರಾರು

ಮಗನು ಮೂರು ಹೊತ್ತೂ ಚೆಂಡು ಹಿಡಿದು ಬಯಲಿನಲ್ಲಿಯೇ ಇದ್ದರೆ ಹೆತ್ತವರಿಗೆ ಚಿಂತೆ ಹತ್ತುವುದು ಸಹಜವಾಗಿದೆ. ಆಟದಿಂದ ಹೊಟ್ಟೆ ತುಂಬುವುದೇ ಎಂಬ ಪ್ರಶ್ನೆಯು ಎಲ್ಲ ದೇಶಗಳ ಮನೆಗಳಲ್ಲಿಯೂ ಕೇಳಿಬರತಕ್ಕದ್ದೇ. ಆದರೆ ಅಮೇರಿಕದ ಒಬ್ಬ ರೈತನು ಈ ಪ್ರಶ್ನೆಯನ್ನು ಕೇಳುವುದರ ಬದಲು ತನ್ನ ಭೂಮಿಯಲ್ಲೊಂದು ಭಾಗವನ್ನೇ ಮಗನ ಆಟಕ್ಕೆ ಬಿಟ್ಟುಕೊಟ್ಟನು. ಆ ಮಗನೇ ಬಾಬ್ ಫೆಲ್ಲರ್. ಹದಿನೇಳು ವರ್ಷ ತುಂಬಿ ಹದಿನೆಂಟು ತುಂಬುವುದರೊಳಗೆ ಆತನು ತನ್ನ ದೇಶದಲ್ಲೆಲ್ಲ ಹೆಸರಾದನು. ಆತನ ಬಾಲ್ಯದ ಮತ್ತು ಮೊದಲ ಕೆಲವು ವರ್ಷಗಳ ಕಥೆಯನ್ನು ನಮ್ಮ ವಾಚಕರ ಮುಂದಿಡಬೇಕೆಂದು ನಮಗೆ ತೋರಿದೆ.

ಬೇಸ್‌ಬಾಲ್ ಆಟವನ್ನು ಕಾಣದವರಿಗಾಗಿ ಮೊದಲು ಎರಡು ಮಾತುಗಳು. ಕ್ರಿಕೆಟಿನಲ್ಲಿ ಚೆಂಡು ಸಾಮಾನ್ಯವಾಗಿ ನೆಲಕ್ಕೆ ಬಡಿದು ಪುಟಿದು ಬರುವುದು. ಬೇಸ್‌ಬಾಲಿನಲ್ಲಿಯಾದರೋ ಎಸೆಯುವವನು ಸುಮಾರು ೬೦ ಅಡಿ ದೂರದ ಒಂದು ಚಿಕ್ಕ ದಿಬ್ಬದ ಮೇಲೆ ನಿಂತು, ಚೆಂಡು ನೆಲವನ್ನು ಮುಟ್ಟದಂತೆ ನೇರವಾಗಿ ಬೀಸಿ ಎಸೆಯುವನು. ಹೊಡೆಯಲು ತಕ್ಕ ಚೆಂಡನ್ನು ಎದುರಾಳಿಯು ಮೂರು ಸಲ ಹೊಡೆಯಲಾರದೆ ಹೋದರೆ ಔಟಾದಂತೆ. ಎಸೆತವೇ ನಾಲ್ಕು ಸಲ ಗುರಿ ತಪ್ಪಿದರೆ ಎದುರಾಳಿಗೆ ಒಂದು ನೆಲೆಯು ಪುಕ್ಕಟೆಯಾಗಿ ದೊರೆಯುವುದು. ಆದಕಾರಣ ಎಸೆಯುವವನಿಗೆ ವೇಗವೂ ಬೇಕು, ಹತೋಟಿಯೂ ಬೇಕು. ಫೆಲ್ಲರನಿಗೆ ವೇಗವು ಹುಟ್ಟಿನಿಂದ ಬಂದಿತ್ತು. ಹತೋಟಿಯನ್ನು ಆತನು ವರ್ಷಗಟ್ಟಲೆ ದುಡಿದು ಸಂಪಾದಿಸಬೇಕಾಯಿತು.

ಅಯೋವಾ ಸಂಸ್ಥಾನದ ವ್ಯಾನ್ ಮೀಟರ್ ಎಂಬ ಸಣ್ಣ ಊರಿನ ಹತ್ತಿರ ೧೯೧೮ನೆಯ ನವೆಂಬರ್ ೩ರಂದು ಬಾಬ್ ಜನಿಸಿದನು. ತಂದೆ ವಿಲಿಯಮ್ ಬೇಸಾಯಗಾರನು. ಬಾಬನಿಗೆ ಹನ್ನೆರಡು ಹದಿಮೂರು ವರ್ಷಗಳಾಗಿದ್ದಾಗ ತಂದೆಮಕ್ಕಳಿಬ್ಬರೂ ಕೂಡಿ ಮರಗಳನ್ನು ಕಡಿದು, ನೆಲವನ್ನು ಸಮಮಾಡಿ, ತಮ್ಮ ಭೂಮಿಯಲ್ಲಿಯೇ ಒಂದು ಆಟದ ಬಯಲನ್ನು ಸಿದ್ಧಪಡಿಸಿದರು. ಸುತ್ತಲಿನ ಊರುಗಳ ಆಟಗಾರರು ಅಲ್ಲಿಗೆ ಬಂದು ಆಡುತ್ತಿದ್ದರು. ಬೆಳೆದ ಗಂಡಸರ ಎದುರಿನಲ್ಲಿ ಹುಡುಗನು ಚೆಂಡೆಸೆದು ಕಲಿತನು. ಚಳಿಗಾಲದಲ್ಲಿ ಹೊರಗೆ ಹಿಮ ಬಿದ್ದಿರುವಾಗ ತಂದೆಯು ಕೊಟ್ಟಿಗೆಯೊಳಗೆ ನಿಂತು ಮಗನ ಎಸೆತಗಳನ್ನು ಹಿಡಿಯುತ್ತಿದ್ದನು. ಮೆಕ್ಕೆಜೋಳಕ್ಕಿಂತ ಗೋಧಿಯ ಕೆಲಸವು ಬೇಗ ಮುಗಿಯುವುದೆಂದೂ, ಮಗನಿಗೆ ಆಟಕ್ಕೆ ಹೊತ್ತು ಹೆಚ್ಚು ಸಿಕ್ಕುವುದೆಂದೂ ಆತನು ಗೋಧಿಯನ್ನು ಬಿತ್ತಿದನಂತೆ. ಇಷ್ಟಾದರೂ ಹುಡುಗನಿಗೆ ಹೊಲದ ಕೆಲಸವು ತಪ್ಪಿರಲಿಲ್ಲ. ತನ್ನ ತೋಳಿನ ಬಲಕ್ಕೆ ಆ ದುಡಿಮೆಯೇ ಕಾರಣವೆಂದು ಆತನು ಮುಂದೆ ಹೇಳಿಕೊಳ್ಳುತ್ತಿದ್ದನು.

೧೯೩೫ರಲ್ಲಿ ಕ್ಲೀವ್‌ಲೆಂಡ್ ನಗರದ ತಂಡಕ್ಕಾಗಿ ಆಟಗಾರರನ್ನು ಹುಡುಕುತ್ತಿದ್ದ ಸೈ ಸ್ಲಾಪ್ನಿಕಾ ಎಂಬವನು ಹುಡುಗನ ಎಸೆತವನ್ನು ಕಂಡು ಬೆರಗಾದನು. ಕೂಡಲೇ ಕರಾರು ಬರೆದದ್ದಾಯಿತು. ಮುಂಗಡವೆಂದು ಕೊಟ್ಟದ್ದು ಒಂದು ಡಾಲರು ಮತ್ತು ತಂಡದ ಆಟಗಾರರ ರುಜುಗಳಿದ್ದ ಒಂದು ಚೆಂಡು, ಇಷ್ಟೇ. ಬಾಬನಿಗೆ ಆಗ ಹದಿನಾರು ವರ್ಷ.

ಮುಂದಿನ ವರ್ಷ, ೧೯೩೬ರ ಜುಲೈ ೬ರಂದು, ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದೊಡನೆ ನಡೆದ ಸ್ನೇಹದ ಪಂದ್ಯದಲ್ಲಿ ಹುಡುಗನನ್ನು ಮೂರು ಸರದಿಗಳ ಮಟ್ಟಿಗೆ ನಿಲ್ಲಿಸಿ ನೋಡಿದರು. ಒಂದೊಂದು ಸರದಿಗೆ ಮೂವರು ಔಟಾಗಬೇಕು. ಈ ಒಂಬತ್ತರಲ್ಲಿ ಎಂಟು ಮಂದಿಯನ್ನು ಹುಡುಗನು ಚೆಂಡು ಮುಟ್ಟಗೊಡದೆಯೇ ಕಳುಹಿಸಿದನು! ಆಗಸ್ಟ್ ೨೩ರಂದು ಆತನಿಗೆ ಮೊಟ್ಟಮೊದಲು ಒಂದು ನಿಜವಾದ ಪಂದ್ಯವನ್ನು ಆರಂಭಿಸುವ ಹೊಣೆ ಬಂದಿತು. ಅಂದು ಹೀಗೆ ಹೋದವರು ಹದಿನೈದು. ಸೆಪ್ಟೆಂಬರ್ ೧೩ರಂದು ಫಿಲಡೆಲ್ಫಿಯಾ ತಂಡದವರು ಹದಿನೇಳು. ಆ ವರೆಗೆ ಡಿಜ್ಜಿ ಡೀನ್ ಎಂಬ ಪ್ರಸಿದ್ಧನು ಮಾತ್ರ ಮುಟ್ಟಿದ್ದ ಆಧುನಿಕ ದಾಖಲೆಯನ್ನು ಈ ಬಾಲಕನು ಸರಿಗಟ್ಟಿದನು. ವಯಸ್ಸೂ ಹದಿನೇಳು, ಔಟುಗಳೂ ಹದಿನೇಳು!

ಈ ಕೀರ್ತಿಯ ಬೆನ್ನಿಗೇ ಒಂದು ತೊಡಕು ಬಂದು ನಿಂತಿತು. ದೊಡ್ಡ ತಂಡಗಳು ಹಳ್ಳಿಯ ಹುಡುಗರನ್ನು ನೇರವಾಗಿ ಸೇರಿಸಿಕೊಳ್ಳಬಾರದು, ಅವರು ಮೊದಲು ಕೆಳಗಿನ ದರ್ಜೆಯ ತಂಡಗಳ ಮೂಲಕ ಬರಬೇಕು ಎಂಬ ನಿಯಮವು ಆಗ ಇತ್ತು. ಕ್ಲೀವ್‌ಲೆಂಡಿನವರು ಫೆಲ್ಲರನ ಹೆಸರನ್ನು ಎರಡು ಸಣ್ಣ ತಂಡಗಳ ಪಟ್ಟಿಯಲ್ಲಿ ಬರೆಯಿಸಿದ್ದರಲ್ಲದೆ ಆತನನ್ನು ಅಲ್ಲಿಗೆ ಒಂದು ದಿನವಾದರೂ ಕಳುಹಿಸಿರಲಿಲ್ಲ. ಡೆ ಮಾಯ್ನ್ ನಗರದ ತಂಡವು ದೂರು ಕೊಟ್ಟಿತು. ಬೇಸ್‌ಬಾಲಿನ ಸರ್ವಾಧಿಕಾರಿಯಾಗಿದ್ದ ನ್ಯಾಯಾಧೀಶ ಲ್ಯಾಂಡಿಸ್ ವಿಚಾರಣೆಗೆ ಕುಳಿತನು. ಕರಾರು ರದ್ದಾದರೆ ಹುಡುಗನು ಬೇಕಾದ ತಂಡವನ್ನು ಸೇರಬಹುದಾಗಿತ್ತು. ಲಕ್ಷ ಡಾಲರುಗಳನ್ನು ಸುರಿಯಲು ಇತರರು ಸಿದ್ಧರಾಗಿದ್ದರೆಂದು ಜನರು ಆಡಿಕೊಳ್ಳುತ್ತಿದ್ದರು.

ಒಂದು ಡಾಲರು ಒಂದು ಕಡೆ, ಲಕ್ಷ ಡಾಲರು ಇನ್ನೊಂದು ಕಡೆ. ರೈತನ ಮನೆಗೆ ಇದು ಸಣ್ಣ ಪರೀಕ್ಷೆಯಲ್ಲ. ಅದರಲ್ಲಿಯೂ ಅಮೇರಿಕದ ರೈತರು ಬೆಲೆಯಿಳಿತದಿಂದ ಕಂಗೆಟ್ಟಿದ್ದ ಕಾಲವದು. ಆದರೂ ತಂದೆಮಕ್ಕಳು ಕ್ಲೀವ್‌ಲೆಂಡಿನಲ್ಲಿಯೇ ಇರುವೆವೆಂದು ಹೇಳಿದರು. ಕರಾರನ್ನು ಮುರಿದರೆ ನ್ಯಾಯಸ್ಥಾನಕ್ಕೆ ಹೋಗುವುದಕ್ಕೂ ತಂದೆಯು ಹಿಂಜರಿಯಲಿಲ್ಲ. ೧೯೩೬ರ ಡಿಸೆಂಬರಿನಲ್ಲಿ ಲ್ಯಾಂಡಿಸನು ಹುಡುಗನನ್ನು ಕ್ಲೀವ್‌ಲೆಂಡಿಗೇ ಉಳಿಸಿ, ಡೆ ಮಾಯ್ನ್ ತಂಡಕ್ಕೆ ೭,೫೦೦ ಡಾಲರುಗಳನ್ನು ಕೊಡಬೇಕೆಂದು ತೀರ್ಪಿತ್ತನು. ತಪ್ಪು ತಂಡದ್ದಾಗಿತ್ತು, ಮಾತು ಮಾತ್ರ ಫೆಲ್ಲರರದಾಗಿತ್ತು. ಅವರು ಅದನ್ನು ಉಳಿಸಿಕೊಂಡರು.

ಇಷ್ಟೆಲ್ಲ ನಡೆಯುತ್ತಿರುವಾಗ ಬಾಬನು ಇನ್ನೂ ಶಾಲೆಯ ವಿದ್ಯಾರ್ಥಿಯೇ ಆಗಿದ್ದನೆಂಬುದನ್ನು ವಾಚಕರು ಮರೆಯಬಾರದು. ಪಂದ್ಯಗಳು ಮುಗಿದೊಡನೆ ಆತನು ಊರಿಗೆ ಮರಳಿ ಪುಸ್ತಕ ಹಿಡಿದನು. ೧೯೩೭ರ ವಸಂತದಲ್ಲಿ ತೋಳಿಗೆ ಪೆಟ್ಟಾಗಿ ಹಲವು ವಾರಗಳ ಕಾಲ ಆತನಿಗೆ ಆಡಲಾಗಲಿಲ್ಲ. ಅದೇ ಮೇ ತಿಂಗಳಿನಲ್ಲಿ ವ್ಯಾನ್ ಮೀಟರಿನ ಆ ಪುಟ್ಟ ಶಾಲೆಯಲ್ಲಿ ಆತನು ತೇರ್ಗಡೆಯ ಪತ್ರವನ್ನು ಪಡೆದ ಸಮಾರಂಭವನ್ನು ರೇಡಿಯೋ ಮೂಲಕ ದೇಶವೆಲ್ಲ ಕೇಳಿತು.

ಮುಂದಿನ ದಾರಿಯೂ ಹೂವಿನದಾಗಿರಲಿಲ್ಲ. ೧೯೩೮ರಲ್ಲಿ ಆತನು ೨೪೦ ಮಂದಿಯನ್ನು ಚೆಂಡು ಮುಟ್ಟಗೊಡದೆ ಕಳುಹಿಸಿದನು, ನಿಜ. ಆದರೆ ಗುರಿ ತಪ್ಪಿ ೨೦೮ ಸಲ ನೆಲೆಯನ್ನು ದಾನವಾಗಿಯೂ ಕೊಟ್ಟನು. ಆ ಅಕ್ಟೋಬರ್ ೨ರಂದು ಡೆಟ್ರಾಯಿಟ್ ತಂಡದ ಮೇಲೆ ಹದಿನೆಂಟು ಔಟುಗಳ ಹೊಸ ದಾಖಲೆಯನ್ನು ಮಾಡಿಯೂ ಪಂದ್ಯವನ್ನು ಸೋತನು. ದಾಖಲೆಯೇ ಗೆಲವಲ್ಲವೆಂಬ ಪಾಠವು ಇಪ್ಪತ್ತು ತುಂಬುವುದರೊಳಗೆ ಆತನಿಗೆ ದೊರಕಿತು. ಮರುವರ್ಷವೇ ೨೪ ಪಂದ್ಯಗಳನ್ನು ಗೆದ್ದನು.

ಆ ೧೯೩೯ರ ಮೇ ೧೪ರಂದು, ಅಮೇರಿಕದವರು ಮಾತೃದಿನವೆಂದು ಆಚರಿಸುವ ಭಾನುವಾರ, ತಾಯಿ ಲೀನಾ ಮಗನ ಆಟವನ್ನು ನೋಡಲು ಷಿಕಾಗೋ ನಗರಕ್ಕೆ ಬಂದು ಕುಳಿತಿದ್ದಳು. ಮಗನೆಸೆದ ಚೆಂಡೊಂದನ್ನು ಎದುರಾಳಿಯು ವಾರೆಯಾಗಿ ಹೊಡೆಯಲು ಅದು ನೆಟ್ಟಗೆ ಹೋಗಿ ತಾಯಿಯ ಮುಖಕ್ಕೇ ಬಡಿಯಿತು. ಆಕೆಯನ್ನು ಆಸ್ಪತ್ರೆಗೆ ಸಾಗಿಸಿ ಗಾಯಕ್ಕೆ ಹೊಲಿಗೆ ಹಾಕಬೇಕಾಯಿತು. ಬಾಬನು ಮನಸ್ಸನ್ನು ಗಟ್ಟಿಮಾಡಿಕೊಂಡು ಆ ಪಂದ್ಯವನ್ನು ಗೆದ್ದನು. ೧೯೪೦ರ ಏಪ್ರಿಲ್ ೧೬ರಂದು, ವರ್ಷದ ಮೊದಲ ಪಂದ್ಯದ ದಿನ, ಅದೇ ಷಿಕಾಗೋದಲ್ಲಿ ಎದುರಾಳಿಗಳಿಗೆ ಒಂದು ಸರಿಯಾದ ಹೊಡೆತವನ್ನೂ ಸಾಧಿಸಗೊಡದೆ ಜಯ ಪಡೆದನು.

೧೯೪೧ರ ಡಿಸೆಂಬರಿನಲ್ಲಿ ಯುದ್ಧವು ಅಮೇರಿಕದ ಬಾಗಿಲಿಗೆ ಬಂದಿತು. ಆಗ ತಂದೆಯು ಮಿದುಳಿನ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದನು. ಮನೆಯ ನೆಪವನ್ನು ಹೇಳಿ ಬಾಬನು ಉಳಿಯಬಹುದಾಗಿತ್ತು. ಆದರೆ ಎರಡು ದಿನಗಳೊಳಗೆ ಆತನು ನೌಕಾಪಡೆಯನ್ನು ಸೇರಿ, ಆಟದ ಪ್ರಾಯದ ಸುಮಾರು ನಾಲ್ಕು ವರ್ಷಗಳನ್ನು ಅಲ್ಲಿ ಕಳೆದನು. ೧೯೪೩ರ ಜನವರಿಯಲ್ಲಿ ತಂದೆಯು ತೀರಿಕೊಂಡನು. ಮರಳಿದ ಮೇಲೆ ಬಾಬನು ಮತ್ತೆ ಕ್ಲೀವ್‌ಲೆಂಡಿಗಾಗಿಯೇ ಆಡಿ, ಒಟ್ಟು ೨೬೬ ಪಂದ್ಯಗಳನ್ನು ಗೆದ್ದು, ೧೯೫೬ರಲ್ಲಿ ಆಟವನ್ನು ಬಿಟ್ಟನು. ಬೇರೊಂದು ತಂಡದ ಅಂಗಿಯನ್ನು ಆತನು ತೊಡಲೇ ಇಲ್ಲ. ೨೦೧೦ರ ಡಿಸೆಂಬರ್ ೧೫ರಂದು ೯೨ನೆಯ ವಯಸ್ಸಿನಲ್ಲಿ ಕಾಲವಾದನು.

ಮಕ್ಕಳೆಲ್ಲರೂ ಫೆಲ್ಲರರಾಗಲಾರರು; ಎಲ್ಲ ತಂದೆಗಳಿಗೂ ಬಿಟ್ಟುಕೊಡಲು ಭೂಮಿಯಿರುವುದಿಲ್ಲ. ಆದರೆ ಚಳಿಗಾಲದ ಸಂಜೆ ಕೊಟ್ಟಿಗೆಯಲ್ಲಿ ನಿಂತು ಮಗನ ಚೆಂಡನ್ನು ಹಿಡಿಯಲು ಭೂಮಿಯು ಬೇಕಾಗಿರಲಿಲ್ಲ, ಬಿಡುವು ಮಾಡಿಕೊಂಡರೆ ಸಾಕಾಗಿತ್ತು. ನಮ್ಮ ಮನೆಗಳಲ್ಲಿಯೂ ಅಷ್ಟು ಬಿಡುವನ್ನು ಮಾಡಿಕೊಳ್ಳಬಹುದೆಂದು ನಾವು ನಂಬಿರುವೆವು.