ಉಮ್ರಾ ಯಾತ್ರಿಕರ ಬ್ಯಾಗಿನಲ್ಲಿ ಏನಿದೆ?

ಉಮ್ರಾಕ್ಕೆ ಹೊರಡುವವರಿಗೆ ತವಾಫ್, ಸಈಗಳ ಕ್ರಮವನ್ನು ಉಸ್ತಾದರು ಹೇಳಿಕೊಡುತ್ತಾರೆ. ವೀಸಾ, ಟಿಕೆಟ್, ಹೋಟೆಲ್‌ಗಳನ್ನು ಟ್ರಾವೆಲ್ಸ್‌ನವರು ನೋಡಿಕೊಳ್ಳುತ್ತಾರೆ. ಬ್ಯಾಗ್ ತುಂಬುವವರು ಮಾತ್ರ ಮನೆಯವರೇ. ಸೌದಿ ಅರೇಬಿಯಾದಲ್ಲಿ ಇಳಿದ ಮೇಲೆ ಅದರಲ್ಲಿರುವ ಪ್ರತಿಯೊಂದು ವಸ್ತುವಿಗೂ ಹೊತ್ತು ತಂದವರೇ ಉತ್ತರ ಕೊಡಬೇಕು. ಆದ್ದರಿಂದ ಈ ಬಾರಿ ಬ್ಯಾಗಿನ ವಿಚಾರವನ್ನಷ್ಟೇ ಬರೆಯುತ್ತಿದ್ದೇವೆ.

ನಮ್ಮ ಅಡುಗೆಮನೆಗಳಲ್ಲಿ ಕುರ್ಮಾಕ್ಕೂ ಪಾಯಸಕ್ಕೂ ಬಳಸುವ ಗಸಗಸೆ ಅಫೀಮು ಗಿಡದ ಬೀಜ. ಸೌದಿಯಲ್ಲಿ ಅದಕ್ಕೆ ನಿಷೇಧವಿದೆ. ಹಿಡಿದರೆ ಮಾದಕ ವಸ್ತುವಿನ ಪ್ರಕರಣವೇ ಆಗುತ್ತದೆ. ಹಜ್ ಕಮಿಟಿ ಯಾತ್ರಿಕರಿಗೆ ಕೊಡುವ ಸೂಚನೆಗಳಲ್ಲೂ ಇದರ ಹೆಸರಿದೆ. ಬಿಡಿ ಗಸಗಸೆಯನ್ನು ಯಾರೂ ಒಯ್ಯಲಿಕ್ಕಿಲ್ಲ. ಭಯ ಇರುವುದು ಮನೆಯಲ್ಲಿ ಹುರಿದು ಪುಡಿ ಮಾಡಿದ ಮಸಾಲೆಯದ್ದು. ಮಕ್ಕಾ, ಮದೀನಾಗಳಲ್ಲಿ ನಮ್ಮ ಕಡೆಯ ಊಟ ಧಾರಾಳವಾಗಿ ಸಿಗುವಾಗ ಮಸಾಲೆ ಡಬ್ಬವನ್ನು ಮನೆಯಲ್ಲೇ ಬಿಡುವುದು ಲೇಸು.

ಮದ್ದಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಸಕ್ಕರೆ ಕಾಯಿಲೆಯಿಂದ ಕಾಲು ಉರಿಯುವ ಹಿರಿಯರಿಗೆ ನಮ್ಮಲ್ಲಿ ವೈದ್ಯರು ಸಾಮಾನ್ಯವಾಗಿ ಬರೆಯುವ ಪ್ರೀಗಾಬಲಿನ್ ಅಲ್ಲಿ ನಿಯಂತ್ರಿತ ಔಷಧ. ಟ್ರಮಡಾಲ್ ಇರುವ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್, ಅಲ್ಪ್ರಜೋಲಾಮ್‌ನಂತಹ ನಿದ್ದೆ ಮಾತ್ರೆಗಳೂ ಹಾಗೆಯೇ. ಇಂಥವು ಬೇಕೇ ಬೇಕೆಂದಿದ್ದರೆ ಸೌದಿ ಆಹಾರ ಮತ್ತು ಔಷಧ ಪ್ರಾಧಿಕಾರದ ಜಾಲತಾಣದಲ್ಲಿ ಮುಂಚಿತವಾಗಿ ಅನುಮತಿ ಪಡೆಯಬೇಕು. ಬ್ರ್ಯಾಂಡ್ ಹೆಸರು ನೋಡಿದರೆ ಒಳಗಿನ ಔಷಧ ಯಾವುದೆಂದು ತಿಳಿಯದು. ಹೊರಡುವ ತಿಂಗಳ ಮೊದಲೇ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಿ, ಬದಲಿ ಇದೆಯೇ ಎಂದು ಕೇಳಿ. ಉಳಿದ ಮದ್ದನ್ನು ಅದರ ಸ್ಟ್ರಿಪ್‌ನಲ್ಲೇ, ಇಂಗ್ಲಿಷ್‌ನಲ್ಲಿರುವ ಚೀಟಿಯೊಂದಿಗೆ, ತಂಗುವ ದಿನಗಳಿಗೆ ಬೇಕಾದಷ್ಟೇ ಇಟ್ಟುಕೊಳ್ಳಿ. ಇನ್ಸುಲಿನ್ ಕೈಚೀಲದಲ್ಲೇ ಇರಲಿ. ಲಗೇಜಿನ ಜಾಗದ ಚಳಿಗೆ ಅದು ಹೆಪ್ಪುಗಟ್ಟಿ ಕೆಡಬಹುದು.

ಮುಜುಗರದ ವಿಚಾರ ಇನ್ನೊಂದಿದೆ. ಉಮ್ರಾಕ್ಕೆ ಹೋಗುವ ಸುದ್ದಿ ಹರಡುತ್ತಲೇ, 'ಜಿದ್ದಾದಲ್ಲಿರುವ ಮಗನಿಗೆ ಇದೊಂದು ಕೊಟ್ಟುಬಿಡಿ' ಎಂದು ನೆರೆಯವರು, ನೆಂಟರು ಕಟ್ಟು ತರುತ್ತಾರೆ. ಸಲಿಗೆಯವರಾದ್ದರಿಂದ ಬಿಚ್ಚಿ ನೋಡಲು ನಾಚಿಕೆ. ಆದರೆ ಸುಂಕದ ಅಧಿಕಾರಿ ಬಿಚ್ಚಿದಾಗ 'ಇದು ನನ್ನದಲ್ಲ' ಎಂಬ ಮಾತು ನಡೆಯುವುದಿಲ್ಲ. ಅಮಾನತನ್ನು ತಲುಪಿಸುವುದು ದೊಡ್ಡ ಹೊಣೆ, ನಿಜ. ಆದರೆ ಎದುರಾದ ಅಮಾನತನ್ನೆಲ್ಲ ವಹಿಸಿಕೊಳ್ಳಲೇಬೇಕೆಂಬ ಕಡ್ಡಾಯವೇನೂ ನಮ್ಮ ಮೇಲಿಲ್ಲ. ಕೊಟ್ಟವರ ಎದುರಲ್ಲೇ ಬಿಚ್ಚಿ, ನೋಡಿ, ನೀವೇ ಕಟ್ಟಿ. ಹೊಲಿದ ಕಟ್ಟು, ಮುಚ್ಚಳ ತೆಗೆಯಲಾಗದ ಡಬ್ಬ ಬೇಡವೇ ಬೇಡ. ವಯಸ್ಸಾದ ತಂದೆ-ತಾಯಿಗೆ ಹೀಗೆ ಹೇಳುವುದು ಕಷ್ಟವಾದರೆ ಮಕ್ಕಳೇ ಮುಂದೆ ನಿಂತು ಹೇಳಲಿ.

ನೇರ ಜಿದ್ದಾಕ್ಕೆ ಹೋಗುವ ಗಂಡಸರು ಇಹ್ರಾಮ್‌ನ ಬಟ್ಟೆಯನ್ನು ದೊಡ್ಡ ಬ್ಯಾಗಿಗೆ ಹಾಕಿ ಕಳಿಸಬಾರದು. ವಿಮಾನ ಇಳಿಯುವ ಮೊದಲೇ, ಆಕಾಶದಲ್ಲೇ, ಮೀಕಾತ್ ದಾಟಿಹೋಗುತ್ತದೆ. ಉಮ್ರಾದ ಉದ್ದೇಶವಿದ್ದು ಇಹ್ರಾಮ್ ಇಲ್ಲದೆ ದಾಟಿದವರು ಮೀಕಾತ್‌ಗೆ ಮರಳಬೇಕು, ಇಲ್ಲವಾದರೆ ದಮ್ ಕೊಡಬೇಕು. ವಿಮಾನ ಹತ್ತುವ ಮೊದಲೇ ಬಟ್ಟೆ ಉಟ್ಟು, ಮೀಕಾತ್ ಸಮೀಪಿಸಿದಾಗ ನಿಯ್ಯತ್ ಮಾಡಿ ತಲ್ಬಿಯಾ ಹೇಳುವುದು ಸುಲಭದ ದಾರಿ. (ಆಮೇಲೆ ವಿಮಾನದಲ್ಲಿ ಕೊಡುವ ಸುಗಂಧದ ಒದ್ದೆ ಕಾಗದದಿಂದ ಮುಖ ಒರೆಸಿಕೊಳ್ಳಬೇಡಿ.) ಮೊದಲು ಮದೀನಾಕ್ಕೆ ಹೋಗುವವರಿಗೆ ಈ ಅವಸರವಿಲ್ಲ. ಅಲ್ಲಿಂದ ಮಕ್ಕಾಕ್ಕೆ ಹೊರಡುವಾಗ ದುಲ್‌ಹುಲೈಫಾದಲ್ಲಿ ಇಹ್ರಾಮ್ ಕಟ್ಟಿದರೆ ಸಾಕು. ಹೆಂಗಸರಿಗೆ ಇಹ್ರಾಮ್‌ಗೆಂದು ಬೇರೆ ಬಟ್ಟೆಯೇ ಇಲ್ಲ.

ಮರಳುವಾಗ ಝಮ್‌ಝಮ್ ನೀರನ್ನು ಬಾಟಲಿಗಳಲ್ಲಿ ತುಂಬಿ ಬಟ್ಟೆಗಳ ನಡುವೆ ಇಡಬೇಡಿ. ಲಗೇಜಿನೊಳಗೆ ಅದಕ್ಕೆ ಅನುಮತಿಯಿಲ್ಲ. 5 ಲೀಟರಿನ ಪ್ಯಾಕ್ ಜಿದ್ದಾ ವಿಮಾನ ನಿಲ್ದಾಣದಲ್ಲೇ ಸಿಗುತ್ತದೆ. ನಿಮ್ಮ ವಿಮಾನದಲ್ಲಿ ಎಷ್ಟು ಒಯ್ಯಬಹುದೆಂದು ಟಿಕೆಟ್ ಮಾಡಿಸುವಾಗಲೇ ಕೇಳಿಡಿ.