ಸೂಜಿ ಹೋದಲ್ಲಿ ನೀರೂ ಹೋಗ್ತದ್ರಿ

ಚಿಗರಿ ಬಸ್ಸಿನಿಂದ ನವನಗರದಲ್ಲಿ ಇಳಿದಾಗ ಮುಂಜಾನೆ ಹತ್ತು ಗಂಟೆ. ಜೊತೆಗೆ ಇಳಿದವರಲ್ಲಿ ಕೆಲವರು ಫೈಲು ಎದೆಗವಚಿಕೊಂಡು ಕ್ಯಾನ್ಸರ್ ಆಸ್ಪತ್ರೆಯ ಕಡೆ ನಡೆದರು. ಕರಿ ಕೋಟು ತೋಳಿಗೆ ಹಾಕಿಕೊಂಡ ಹುಡುಗರು ಕಾನೂನು ವಿಶ್ವವಿದ್ಯಾಲಯದ ದಾರಿ ಹಿಡಿದರು. ನನ್ನ ಕಂಕುಳಲ್ಲಿದ್ದದ್ದು ಹಳೇ ಪೇಪರು ಅಂಟಿಸಿ ಮಾಡಿದ ಒಂದು ಸುರುಳಿ. ನಮ್ಮ ಓಮ್ನಿಯ ಹಿಂದಿನ ಸೀಟು ಮಡಚಿ, ಗಾಲಿಯ ಉಬ್ಬು ಬಿಟ್ಟು ತೆಗೆದ ನೆಲದ ಅಳತೆ: ಉದ್ದ ನಾಲ್ಕಡಿ, ಅಗಲ ಮೂರೂವರೆ. ಗಾಡಿಯನ್ನು ಬೇಕೆಂದೇ ಮನೆಯಲ್ಲಿ ಬಿಟ್ಟಿದ್ದೆ. ಅಮರಗೋಳ ಎಪಿಎಂಸಿಯ ಲಾರಿ ಸಾಲಿನ ನಡುವೆ ಅದನ್ನು ನಿಲ್ಲಿಸುವ ತಾಪತ್ರಯ ಯಾರಿಗೆ ಬೇಕು?

ಈ ಸುರುಳಿಗೆ ಕಾರಣ ಒಂದು ಸದ್ದು. ಮನೆಯಲ್ಲಿ ಎರಡು ನಾಯಿಗಳು, ಒಂದು ಮುಧೋಳ ತಳಿಯದು, ಇನ್ನೊಂದು ನಮ್ಮ ಓಣಿಯದೇ. ಡಾಕ್ಟರ ಬಳಿ ಕರೆದೊಯ್ಯುವಾಗ ಪಿ.ಬಿ. ರಸ್ತೆಯಿಂದ ನವನಗರದೊಳಗೆ ಹೊರಳಿದೆನೆಂದರೆ ಹಿಂದಿನಿಂದ ‘ಪರ್ ಪರ್’ ಎಂದು ತಗಡು ಕೆರೆವ ಸದ್ದು. ಬೆಕ್ಕಿನ ಹಾಗೆ ನಾಯಿ ತನ್ನ ಉಗುರನ್ನು ಒಳಗೆಳೆದುಕೊಳ್ಳಲಾರದು. ನುಣ್ಣನೆ ನೆಲದಲ್ಲಿ ಆ ಉಗುರಿಗೆ ಹಿಡಿತವೂ ಸಿಗದು. ಜಾರುತ್ತದೆ, ಹೆದರುತ್ತದೆ, ಜೊಲ್ಲು ಸುರಿಸುತ್ತದೆ, ಕೊನೆಗೆ ವಾಂತಿ.

ಮುಧೋಳದ್ದಕ್ಕೆ ಇನ್ನೊಂದು ಕಷ್ಟ. 2005ರಲ್ಲಿ ಐದು ರೂಪಾಯಿಯ ಅಂಚೆಚೀಟಿ ಏರಿದ ತಳಿ ಅದು. ಚೀಟಿಯ ಮೇಲೆ ಚಂದ ಕಾಣುವ ಸಪೂರ ಮೈ, ಗಾಡಿಯೊಳಗೆ ಅದಕ್ಕೇ ಭಾರ. ಚರ್ಮ ತೆಳು, ಕೊಬ್ಬು ಕಡಿಮೆ. ಗಟ್ಟಿ ನೆಲದಲ್ಲಿ ಮಲಗಿದರೆ ಮೊಣಕೈಯ ಎಲುಬು ಒತ್ತಿ ಜಡ್ಡುಗಟ್ಟುತ್ತದೆ. ಓಮ್ನಿಯ ಎಂಜಿನ್ ಬೇರೆ ಮುಂದಿನ ಸೀಟಿನ ಕೆಳಗೇ ಇರುವುದರಿಂದ ತಗಡು ಬಲು ಬೇಗ ಕಾಯುತ್ತದೆ.

ಮೊದಲು ನೀಲಿ ಪ್ಲಾಸ್ಟಿಕ್ ತಾಡಪತ್ರಿ ಹಾಸಿದೆ. ತಗಡಿಗಿಂತ ಅದೇ ಹೆಚ್ಚು ಜಾರಿತು. ಆಮೇಲೆ ಒಂದು ಅಂಗಡಿಯಲ್ಲಿ ಫೋಮಿನ ಮೇಲೆ ರೆಕ್ಸಿನ್ ಹೊದಿಸಿ, ಚೌಕಳಿ ಹೊಲಿಗೆ ಹಾಕಿಸಿ ತಂದೆ. ನೋಡಲು ಸೋಫಾದಂತಿತ್ತು. ತಿಂಗಳೊಳಗೆ ಗಾಡಿಯ ಬಾಗಿಲು ತೆಗೆದರೆ ಮೂಗು ಮುಚ್ಚಿಕೊಳ್ಳುವ ಸ್ಥಿತಿ.

ಅದಕ್ಕೇ ಈ ಅಮರಗೋಳದ ದಾರಿ. ನವನಗರದ ಮಗ್ಗುಲಿಗೇ ಇರುವ ಈ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿಯ ಜೊತೆಗೆ ಅವನ್ನು ಹೇರುವ, ಮುಚ್ಚುವ, ಬಿಗಿಯುವ ವಿದ್ಯೆಯೂ ಬೀಡುಬಿಟ್ಟಿದೆ. ಹತ್ತಿರದ ತಾಡಪತ್ರಿ ಅಂಗಡಿಯವರು ನನ್ನ ಸುರುಳಿ ನೋಡಿ, “ಏನ್ ಒಣಗಸ್ತೀರಿ ಸರ?” ಎಂದರು. ನಾಯಿಗೆ ಎಂದೆ. ನಗಲಿಲ್ಲ. “ಹಂಗಾರ ಜೋಳ ಒಣಗಸೋದು ಬ್ಯಾಡ್ರಿ, ಲಾರೀದ ತಗೋರಿ” ಎಂದು ಪಿವಿಸಿ ಬಳಿದ ದಪ್ಪನೆಯದನ್ನು ಹಾಸಿದರು. ತಾಡಪತ್ರಿಯ ಬಲವನ್ನು ಜಿಎಸ್ಎಂನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಎಂದು. ನಾನು ತಂದದ್ದು 650ರದು. ಜೊತೆಗೆ ದನದ ಕೊಟ್ಟಿಗೆಗೆ ಹಾಸುವ ಜಾತಿಯ ರಬ್ಬರ್ ಹಾಳೆ, ದಪ್ಪ 8 ಮಿಲಿಮೀಟರ್. ಹೆಗಲಿಗೆ ಭಾರವಾದದ್ದು ಗಾಡಿಯಲ್ಲಿ ಗುಣವಾಗುತ್ತದೆ: ತನ್ನ ತೂಕಕ್ಕೇ ಅದು ಕದಲದೆ ಕೂಡುತ್ತದೆ. ಹೊಸ ರಬ್ಬರಿನ ವಾಸನೆ ಹೋಗಲು ಸೋಪಿನ ನೀರಲ್ಲಿ ತೊಳೆದು ನಾಲ್ಕು ದಿನ ಬಿಸಿಲು ಕಾಣಿಸಬೇಕು.

ಅಲ್ಲಿಂದ ಆಟೋ ಹಿಡಿದು ಸೀಟು ಹೊಲಿಯುವ ಕುಶನ್ ಅಂಗಡಿಗೆ. ಅಡ್ಡ ಇಟ್ಟ ಬೈಕ್ ಸೀಟುಗಳ ನಡುವೆ ಕೂತಿದ್ದ ಅಣ್ಣನ ಮುಂದೆ ಹಳೇ ರೆಕ್ಸಿನ್ ಹಾಸಿನ ಕಥೆ ಹೇಳಿದೆ. ಆತ ಕೈಯಲ್ಲಿದ್ದ ದಬ್ಬಣವನ್ನು ಒಂದು ತುಂಡು ರೆಕ್ಸಿನ್ನಿಗೆ ಚುಚ್ಚಿ ತೆಗೆದು ಬೆಳಕಿಗೆ ಹಿಡಿದ. ತೂತಿನಿಂದ ಸಾಸಿವೆಯಷ್ಟು ಬೆಳಕು ಬಂತು.

“ಸೂಜಿ ಹೋದಲ್ಲಿ ನೀರೂ ಹೋಗ್ತದ್ರಿ. ಚೌಕಳಿ ಹೊಲಿಗಿ ಅಂದ್ರ ನೂರಾರು ತೂತ. ಅಷ್ಟೂ ಉಚ್ಚಿ ಕುಡದದ ನಿಮ್ ಫೋಮು.”

ಹಾಗಾಗಿ ತಾಡಪತ್ರಿಯ ನಡುವೆ ಒಂದು ಹೊಲಿಗೆಯೂ ಬೀಳಲಿಲ್ಲ. ಸುತ್ತ ಮೂರು ಇಂಚು ಅಂಚು ಎತ್ತಿ, ಮೂಲೆಗಳನ್ನು ಕತ್ತರಿಸದೆ ಲಕೋಟೆಯಂತೆ ಮಡಚಿ, ಆ ಮಡಿಕೆಯ ಮೇಲ್ತುದಿಯಲ್ಲಷ್ಟೇ ಐಲೆಟ್ ಬಡಿದ. ನೋಡನೋಡುತ್ತ ಅದೊಂದು ತಟ್ಟೆಯಾಯಿತು. ಚೆಲ್ಲಿದ್ದು ಅದರಲ್ಲೇ ನಿಲ್ಲಬೇಕು. ನಾಯಿ ಹತ್ತಿ ಇಳಿಯುವಾಗ ಬಂಪರಿಗೆ ಗೀರು ಬೀಳದಂತೆ ಹಿಂಬದಿಗೆ ಇಳಿಬೀಳುವ ಒಂದು ನಾಲಗೆಯನ್ನೂ ಸೇರಿಸಿದ. ಅದರ ಹೊಲಿಗೆ ಅಂಚಿನ ಹೊರಗೆ ಇರುವುದರಿಂದ ಚಿಂತೆಯಿಲ್ಲ.

ನೀರು ನಿಂತಿತು. ಜಾರುವುದು? ಪಿವಿಸಿ ಏನಿದ್ದರೂ ನುಣುಪೇ. ಮೆತ್ತಗೂ ಇರಬೇಕು, ಉಗುರಿಗೂ ಸಿಗಬೇಕು, ಬೆವರನ್ನೂ ಹೀರಬೇಕು. ನಾಯಿ ಬೆವರುವುದು ಅಂಗಾಲಿನಲ್ಲಿ ತಾನೆ! ಇದಕ್ಕೆ ಮದ್ದು ನಮ್ಮ ಕಡೆ ಮನೆಮನೆಯಲ್ಲೂ ಇದೆ, ಕೌದಿ.

ನಾಲ್ಕು ಓಣಿ ದಾಟಿ ಕೌದಿ ಹೊಲಿಯುವ ಅಜ್ಜಿಯ ಮನೆಗೆ ಹೋದೆ. ಅಮ್ಮನ ಹಳೇ ಸೀರೆ, ಅಪ್ಪನ ಧೋತರ, ನಡುವೆ ಇಡಲು ಸವೆದ ನವಲಗುಂದದ ಜಮಖಾನೆ ಇವಿಷ್ಟನ್ನೂ ಮೊದಲೇ ಕಳಿಸಿದ್ದೆ. ಅಜ್ಜಿ ಇಳಕಲ್ ಸೆರಗೊಂದನ್ನು ಗಂಟಿನಿಂದ ತೆಗೆದು ಬದಿಗಿಟ್ಟಿದ್ದರು. “ರೇಷ್ಮಿ ಎಳಿ ಉಗುರಿಗೆ ಸಿಗತಾವ ತಮ್ಮಾ. ನಾಯಿಗೆ ಹತ್ತಿನ ಚಲೋ.” ಅಂಚಿನಿಂದ ಹಿಡಿದು ಸುತ್ತುತ್ತ ಸುತ್ತುತ್ತ ಒಳಗೆ ಬರುವ ಹೊಲಿಗೆ. ಎರಡು ಸಾಲಿನ ನಡುವೆ ಬೆರಳಗಲ ಮಾತ್ರ. ಸಾಲು ದೂರವಾದರೆ ಬಟ್ಟೆ ಸಡಿಲಾಗಿ ಉಗುರಿಗೆ ಸಿಕ್ಕು ಹರಿಯುತ್ತದಂತೆ. ಹರಿದರೂ ಆ ಬೆರಳಗಲವೇ ಹರಿದೀತು, ತೇಪೆ ಹಾಕಿದರಾಯಿತು. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರ ಕವಂದಿಯೂ ಹೀಗೇ ಅಂಚಿನಿಂದ ನಡುವಿಗೆ ನಡೆಯುತ್ತದೆ.

ಕುಶನ್ ಅಣ್ಣನ ಕೆಲಸ ಹೊಲಿಗೆ ತಪ್ಪಿಸುವುದು, ಅಜ್ಜಿಯ ಕೆಲಸ ಹೊಲಿಗೆ ತುಂಬುವುದು. ನನ್ನ ರೆಕ್ಸಿನ್ ಹಾಸು ಇವೆರಡನ್ನೂ ಒಂದೇ ಪದರದಲ್ಲಿ ಮಾಡಲು ಹೋಗಿ ಕೆಟ್ಟಿತ್ತು. ಈಗ ತಳದಲ್ಲಿ ರಬ್ಬರು, ಅದರ ಮೇಲೆ ತೂತಿಲ್ಲದ ತಟ್ಟೆ, ಅದರ ಮೇಲೆ ತೂತೇ ತುಂಬಿದ ಕೌದಿ. ಕೌದಿ ಸರಿಯದಂತೆ ಆರು ಲಾಡಿಗಳನ್ನು ಐಲೆಟ್ಟಿಗೆ ಕಟ್ಟುತ್ತೇನೆ. ವೆಲ್ಕ್ರೋ ಹಾಕಿದ್ದರೆ ಓಣಿಯ ನಾಯಿ ಅದನ್ನು ಒಂದೇ ದಿನದಲ್ಲಿ ಅಗಿದು ಮುಗಿಸುತ್ತಿತ್ತು.

ತೊಳೆಯುವುದೂ ಬೇರೆ ಬೇರೆ. ಕೌದಿಗೆ ಬಿಸಿನೀರು, ಬಿಸಿಲು. ಒಂದು ಒಣಗುವಾಗ ಹಾಸಲು ಇನ್ನೊಂದು ಇರಲೇಬೇಕು. ತಟ್ಟೆಗೆ ದಿನಾ ಸೋಪಿನ ನೀರು ಸಾಕು. ಕಾಯಿಲೆಯ ಮರಿ ಮಲಗಿದ್ದರೆ ಮಾತ್ರ, ತಿಂಗಳುಗಟ್ಟಲೆ ಬದುಕುವ ಪಾರ್ವೊ ವೈರಸ್ಸಿಗಾಗಿ, ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನಿಲ್ಲಿಸಿ ತೊಳೆಯಬೇಕು. ಅದಕ್ಕೂ ಮೊದಲು ಉಚ್ಚೆ ಪೂರ್ತಿ ತೊಳೆದಿರಬೇಕು. ಎರಡೂ ಕೂಡಿದರೆ ಏಳುವ ಹೊಗೆ ಎದೆಗೆ ಕೆಟ್ಟದ್ದು.

ಮುಂದಿನ ವಾರ ಡಾಕ್ಟರ ಬಳಿ ಹೊರಟೆವು. ಎರಡಕ್ಕೂ ಎದೆಪಟ್ಟಿ ಕಟ್ಟಿ ಸೀಟಿನ ಕೊಂಡಿಗೆ ಸಿಕ್ಕಿಸಿದ್ದೆ. ಹಾಸು ಎಷ್ಟೇ ಚಲೋ ಇರಲಿ, ಬ್ರೇಕು ಹಾಕಿದಾಗ ತಡೆಯುವುದು ಪಟ್ಟಿಯೇ. ಪಿ.ಬಿ. ರಸ್ತೆಯಿಂದ ನವನಗರದೊಳಗೆ ಹೊರಳುವಾಗ ರೂಢಿಯಂತೆ ಕಿವಿ ಹಿಂದಕ್ಕೆ ಹೋಯಿತು. ಚಿಗರಿ ಬಸ್ಸೊಂದು ಸುಯ್ಯೆಂದು ಹಾದುಹೋಯಿತು. ಹಿಂದೆ ಸದ್ದಿಲ್ಲ. ಕನ್ನಡಿಯಲ್ಲಿ ನೋಡಿದರೆ ಮುಧೋಳದ್ದು ಅಪ್ಪನ ಧೋತರದ ಪಟ್ಟಿಯ ಮೇಲೆ ಗದ್ದ ಊರಿ ಮಲಗಿತ್ತು.